ಅಪ್ಪನ ಎದೆಯ ಪೆಟ್ಟಿಗೆ

ಹೊನ್ನಾವರದ ಕಡೆಯವರಾದ ನಮಗೆ ಹಳದೀಪುರ ದೂರದ ಊರಲ್ಲ. ಅಲ್ಲಿ ಹುಟ್ಟಿದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದವರು. 1973ರ ನವೆಂಬರಿನಲ್ಲಿ ಹಲ್ಲೆಗೊಳಗಾಗಿ, ಮಿದುಳು ಘಾಸಿಗೊಂಡು, ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ ನಲವತ್ತೊಂದು ವರ್ಷಕ್ಕೂ ಮಿಕ್ಕಿ ಬದುಕಿದರು. 2011ರ ಮಾರ್ಚ್ 7ರಂದು ಸುಪ್ರೀಂ ಕೋರ್ಟು, ಅವರ ಪರವಾಗಿ ಪತ್ರಕರ್ತೆ ಪಿಂಕಿ ವಿರಾನಿ ಹಾಕಿದ್ದ ಅರ್ಜಿಯನ್ನು ಒಪ್ಪಲಿಲ್ಲ. ಸಾಕಿದ ದಾದಿಯರೇ ಬೇಡವೆಂದಿದ್ದರು. ಆದರೆ ಹೈಕೋರ್ಟಿನ ಅನುಮತಿಯಿಂದ ಇಂಥವರ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸಬಹುದೆಂಬ ಕಿಂಡಿಯೊಂದನ್ನು ಆ ತೀರ್ಪೇ ತೆರೆಯಿತು.

ಮರುದಿನ ಜಗಲಿಯಲ್ಲಿ ಕುಳಿತು ಪೇಪರು ಓದುತ್ತಿದ್ದ ಅಪ್ಪ, "ನನ್ನನ್ನು ಹೀಗೆ ಎಳೆದಾಡಬೇಡಿ" ಎಂದರು. ಅಮ್ಮ "ಬಿಡ್ತು ಅನ್ನಿ" ಎಂದು ಗದರಿದಳು. ನಾನು ಅಡಿಕೆಯ ದರದ ಮಾತೆತ್ತಿದೆ.

ಅಪ್ಪನದು ಸೋತ ಹೃದಯ. ಹೃದಯದ ಸೋಲು ಕ್ಯಾನ್ಸರಿನಂತೆ ಒಂದೇ ಇಳಿಜಾರಿನಲ್ಲಿ ಇಳಿಯುವುದಿಲ್ಲ. ಕಾಲು ಬಾತು, ಉಸಿರು ಕಟ್ಟಿ ಆಸ್ಪತ್ರೆ ಸೇರುತ್ತಾರೆ. ನೀರಿಳಿಸುವ ಸೂಜಿಮದ್ದು ಕೊಟ್ಟರೆ ನಾಲ್ಕು ದಿನದಲ್ಲಿ ಎದ್ದು ಕೂರುತ್ತಾರೆ. ಪ್ರತಿ ಸಲವೂ ಎದ್ದವರು ಈ ಸಲವೂ ಎದ್ದಾರೆಂದು ಮನೆಯವರೂ ಡಾಕ್ಟರೂ ನಂಬುತ್ತಾರೆ. ಹಾಗಾಗಿ ಕೊನೆಯ ಮಾತನ್ನು ಆಡಲು ಸರಿಯಾದ ದಿನ ಎಂಬುದು ಬರುವುದೇ ಇಲ್ಲ.

2012ರಲ್ಲಿ ಅವರ ಹೆಗಲೆಲುಬಿನ ಕೆಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ಹುದುಗಿಸಿದರು. ಹೃದಯ ತಾಳ ತಪ್ಪಿದರೆ ವಿದ್ಯುತ್ ಆಘಾತ ಕೊಟ್ಟು ಸರಿಪಡಿಸುವ ಡಿಫಿಬ್ರಿಲೇಟರ್ ಅದು. ವಾರ್ಸಾದಲ್ಲಿ ಹುಟ್ಟಿದ ಡಾಕ್ಟರ್ ಮಿಶೆಲ್ ಮಿರೋವ್‌ಸ್ಕಿ, ತಮ್ಮ ಗುರು ಹ್ಯಾರಿ ಹೆಲ್ಲರ್ ಇಂಥದೇ ತಾಳತಪ್ಪಿನಿಂದ ತೀರಿಕೊಂಡಾಗ ಇದರ ಯೋಚನೆಗೆ ಬಿದ್ದವರು. ಮನುಷ್ಯನ ಎದೆಗೆ ಇದು ಮೊದಲು ಸೇರಿದ್ದು 1980ರಲ್ಲಿ, ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ. ತಮಾಷೆಯೆಂದರೆ, ಅದೇ ಅಮೆರಿಕದಲ್ಲಿ ಷಿಕಾಗೋದ ವಕೀಲ ಲೂಯಿಸ್ ಕುಟ್ನರ್ 1969ರಲ್ಲಿಯೇ 'ಜೀವಂತ ಉಯಿಲು' ಎಂಬ ಕಾಗದದ ಪ್ರಸ್ತಾಪ ಮಾಡಿದ್ದ. 1976ರಲ್ಲಿ ಕ್ಯಾಲಿಫೋರ್ನಿಯಾ ಅದಕ್ಕೆ ಕಾನೂನನ್ನೂ ಮಾಡಿತು. ನಮ್ಮ ಮನೆಗೆ ಪೆಟ್ಟಿಗೆ ಬಂತು, ಕಾಗದ ಬರಲಿಲ್ಲ.

2016ರ ಆಷಾಢದ ಆ ರಾತ್ರಿ ಅಪ್ಪ ಆಸ್ಪತ್ರೆಯಲ್ಲಿದ್ದರು. ಇನ್ನು ಏನೂ ಮಾಡುವಂತಿಲ್ಲ ಎಂದು ಹೇಳಿಯಾಗಿತ್ತು. ಪೆಟ್ಟಿಗೆಗೆ ಮಾತ್ರ ಯಾರೂ ಹೇಳಿರಲಿಲ್ಲ. ಅರೆಪ್ರಜ್ಞೆಯಲ್ಲಿದ್ದ ದೇಹ ಇದ್ದಕ್ಕಿದ್ದಂತೆ ಹಾಸಿಗೆಯಿಂದ ಚಿಮ್ಮುತ್ತಿತ್ತು. ಒಂದು ಸಲ ಕಣ್ಣು ಬಿಟ್ಟು "ಯಾರು ಒದ್ದದ್ದು?" ಎಂದು ಕೇಳಿದರು. ನಾನು ಏಳರವರೆಗೆ ಎಣಿಸಿದೆ. ಹೊರಗಿನಿಂದಲೇ, ಕತ್ತರಿ ತಾಗಿಸದೆ, ಆ ಆಘಾತವನ್ನು ಆರಿಸಿಡಬಹುದು. ತುರ್ತಿಗೆ ಎದೆಯ ಮೇಲೆ ಒಂದು ಅಯಸ್ಕಾಂತ ಇಟ್ಟರೂ ಸಾಮಾನ್ಯವಾಗಿ ಸಾಕು. ಇದು ನನಗೆ ತಿಳಿದದ್ದು ವರ್ಷಾಂತಿಕ ಕಳೆದ ಮೇಲೆ. ಡಾಕ್ಟರು ಹೇಳಲಿಲ್ಲ, ನಿಜ. ಆದರೆ ಐದು ವರ್ಷ ಮುಂಚೆ ಅಡಿಕೆಯ ದರ ಕೇಳಿದವನು ನಾನು.

2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟು ಮುಂಗಡ ಇಚ್ಛಾಪತ್ರವನ್ನು ಒಪ್ಪಿತಾದರೂ ಮ್ಯಾಜಿಸ್ಟ್ರೇಟರ ರುಜು ಬೇಕೆಂದಿತು. ಬಡಪಾಯಿ ರೋಗಿ ಕೋರ್ಟಿನ ಮೆಟ್ಟಿಲು ಹತ್ತುವುದುಂಟೆ? 2023ರ ಜನವರಿಯಲ್ಲಿ ಅದನ್ನು ಸಡಿಲಿಸಿ, ಇಬ್ಬರು ಸಾಕ್ಷಿಗಳ ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ರುಜು ಸಾಕೆಂದಿತು. ಚಿಕಿತ್ಸೆ ನಿಲ್ಲಿಸುವ ಮುಂಚೆ ಎರಡು ವೈದ್ಯ ಮಂಡಳಿಗಳು ಒಪ್ಪಬೇಕು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಇದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು.

ಕಳೆದ ದೀಪಾವಳಿಗೆ ನನ್ನದನ್ನು ಬರೆದೆ. ಉಸಿರಾಟದ ಯಂತ್ರದ ಬಗ್ಗೆ ಎರಡು ಸಾಲು, ನೋವು ಕಳೆಯುವ ಮದ್ದು ನಿಲ್ಲಿಸಬಾರದೆಂದು ಒಂದು ಸಾಲು. ಎದೆಯಲ್ಲಿ ಪೆಟ್ಟಿಗೆಯೇನಾದರೂ ಇದ್ದರೆ ಆರಿಸಿ ಎಂದೂ ಬರೆದೆ. "ನಿಮಗೆ ಪೆಟ್ಟಿಗೆ ಎಲ್ಲಿದೆ?" ಎಂದು ಹೆಂಡತಿ ಕೇಳಿದಳು. ಇರಲಿ ಎಂದೆ. ಮಗ ಮಾತು ತಿರುಗಿಸಲು ನೋಡಿದ. ಕೂರಿಸಿ, ಅವನ ಕೈಯಿಂದಲೇ ಗಟ್ಟಿಯಾಗಿ ಓದಿಸಿದೆ.