ಲಾರಿ ಕ್ರಾಸ್ ಬದಲಾವಣೆ: ಗಾಲಿಗೆ ತಡೆಯೇ ಮೊದಲ ಕೆಲಸ

ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಬಲ ಸಾಗಿಸುವ ಪ್ರೊಪೆಲ್ಲರ್ ಶಾಫ್ಟಿನ ತುದಿಗಳಲ್ಲಿ ಯೂನಿವರ್ಸಲ್ ಜಾಯಿಂಟ್‌ಗಳಿರುತ್ತವೆ. ಅವುಗಳ ನಾಲ್ಕು ತೋಳಿನ ಬಿಡಿಭಾಗಕ್ಕೆ ಗ್ಯಾರೇಜುಗಳಲ್ಲಿ 'ಕ್ರಾಸ್' ಎಂದೇ ಹೆಸರು. ಇದು ಸವೆದಾಗ ಕ್ಲಚ್ ಬಿಟ್ಟೊಡನೆ 'ಟಕ್' ಎಂಬ ಸದ್ದು, ವೇಗದಲ್ಲಿ ನಡುಕ ಕಾಣಿಸಿಕೊಳ್ಳುತ್ತದೆ. ಉಪೇಕ್ಷಿಸಿದರೆ ಶಾಫ್ಟ್ ಕಳಚಿ ಬೀಳುವ ಅಪಾಯವುಂಟು.

ಮನೆಯಂಗಳದಲ್ಲೇ ಇದನ್ನು ಬದಲಿಸುವವರು ಒಂದು ಸಂಗತಿಯನ್ನು ಮರೆಯಬಾರದು. ಶಾಫ್ಟ್ ಕಳಚಿದ ಮೇಲೆ ಗೇರ್ ಹಾಕಿದ್ದರೂ ವಾಹನ ನಿಲ್ಲದು. ಹ್ಯಾಂಡ್‌ಬ್ರೇಕ್ ಗೇರ್‌ಬಾಕ್ಸ್‌ನ ಹಿಂಬದಿಯಲ್ಲಿರುವ ವಾಹನಗಳಲ್ಲಿ ಅದೂ ನಿಷ್ಪ್ರಯೋಜಕ. ಆದ್ದರಿಂದ ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಗಾಲಿಗಳ ಹಿಂದೆ ಮುಂದೆ ದಪ್ಪ ಮರದ ತುಂಡುಗಳನ್ನಿಟ್ಟ ನಂತರವೇ ಕೆಳಗೆ ಹೋಗಬೇಕು. ಜಾಕಿನ ಮೇಲಷ್ಟೇ ನಿಂತ ವಾಹನದಡಿ ನುಸುಳಕೂಡದು.

ಶಾಫ್ಟ್ ಹಾಗೂ ಫ್ಲಾಂಜ್‌ಗಳ ಮೇಲೆ ಬಣ್ಣದ ಗುರುತು ಹಾಕಿ, ಶಾಫ್ಟಿಗೆ ಆಸರೆ ಕೊಟ್ಟು ಬೋಲ್ಟ್ ಬಿಚ್ಚಬೇಕು. ಮರುಜೋಡಣೆಯಲ್ಲಿ ಗುರುತು ತಪ್ಪಿದರೆ ನಡುಕ ಉಳಿಯಬಹುದು. ಸರ್ಕ್ಲಿಪ್ ತೆಗೆದು, ಹಳೆಯ ಬೇರಿಂಗ್ ಕಪ್‌ಗಳನ್ನು ವೈಸ್‌ನಲ್ಲಿ ಒತ್ತಿ ಹೊರತೆಗೆಯಬೇಕು. ಹೊಸ ಕಪ್ ಒತ್ತುವಾಗ ಒಳಗಿನ ಒಂದು ಸೂಜಿ ರೋಲರ್ ಅಡ್ಡಬಿದ್ದರೂ ಕಪ್ ಪೂರ್ತಿ ಕೂರದು, ಸರ್ಕ್ಲಿಪ್ ಹಿಡಿಯದು. ಆಗ ಸುತ್ತಿಗೆಯಿಂದ ಬಡಿಯದೆ, ಬಿಚ್ಚಿ ಮತ್ತೆ ಜೋಡಿಸುವುದೇ ದಾರಿ. ನಿಪ್ಪಲ್ ಇರುವ ಕ್ರಾಸ್‌ಗೆ ನಾಲ್ಕೂ ಕಪ್‌ಗಳಿಂದ ಗ್ರೀಸ್ ಹೊರಬರುವವರೆಗೆ ತುಂಬಬೇಕು.