ಶ್ರೀಗಂಧದ ತವರಿನಿಂದ ಹೊರಟ ಒಂದು ಹೆಸರು



ನಿಮ್ಮ ಮನೆ ದಾದರ್‌ನಲ್ಲಿರಲಿ, ಕಾಚಿಗುಡದಲ್ಲಿರಲಿ, ದೆಹಲಿಯ ಕರೋಲ್‌ಬಾಗ್‌ನಲ್ಲಿರಲಿ, ಬಚ್ಚಲುಮನೆಯ ಗೂಡಿನಲ್ಲಿ ಒಮ್ಮೆಯಾದರೂ ಮೊಟ್ಟೆಯಾಕಾರದ ಒಂದು ಸೋಪು ಕುಳಿತಿರುತ್ತದೆ. ಊರಿಂದ ಬಂದ ನೆಂಟರು ಚಕ್ಕುಲಿ, ಸಾರಿನಪುಡಿಯ ಜೊತೆಗೆ ತಂದುಕೊಟ್ಟದ್ದೂ ಇರಬಹುದು. ಅಂಗಡಿಯಲ್ಲಿ ಅದಕ್ಕಿಂತ ಅಗ್ಗದ ಸೋಪು ಹತ್ತು ಬಗೆಯಲ್ಲಿ ಸಿಗುತ್ತವೆ. ಆದರೂ ಕೈ ಅತ್ತಲೇ ಹೋಗುತ್ತದಲ್ಲ, ಯಾಕೆ? ವ್ಯಾಪಾರಶಾಸ್ತ್ರ ಓದಿದವರು ಇದಕ್ಕೆ ‘ಬ್ರಾಂಡ್ ಇಮೇಜ್’, ‘ಬ್ರಾಂಡ್ ಈಕ್ವಿಟಿ’ ಎನ್ನುತ್ತಾರೆ. ಹೆಸರು ಕೇಳಿದಾಗ ಮನಸ್ಸಿನಲ್ಲಿ ಮೂಡುವ ಚಿತ್ರ ಇಮೇಜ್. ಆ ಚಿತ್ರದ ಬಲದಿಂದ ಎರಡು ರೂಪಾಯಿ ಹೆಚ್ಚು ಕೊಡಲೂ ಗಿರಾಕಿ ಹಿಂಜರಿಯದಿದ್ದರೆ, ಆ ಹೆಸರಿನಲ್ಲಿ ಕೂಡಿಬಿದ್ದ ಬಂಡವಾಳವೇ ಈಕ್ವಿಟಿ. ಅಮೆರಿಕದ ಡೇವಿಡ್ ಆಕರ್ 1991ರಲ್ಲಿ ಇದರ ಮೇಲೊಂದು ಪುಸ್ತಕವನ್ನೇ ಬರೆದರು. ಆದರೆ ಅದಕ್ಕೂ ಮುಕ್ಕಾಲು ಶತಮಾನ ಮೊದಲೇ ಮೈಸೂರು ಸಂಸ್ಥಾನದ ಸರ್ಕಾರಿ ನೌಕರರು ಇದನ್ನು ಮಾಡಿ ತೋರಿಸಿದ್ದರು.

ಮೈಸೂರು ಸೀಮೆಯಲ್ಲಿ ಶ್ರೀಗಂಧ ಯಾವತ್ತೂ ಸರ್ಕಾರದ ಸ್ವತ್ತು. ಟಿಪ್ಪು ಸುಲ್ತಾನ್ 1792ರಲ್ಲಿ ಅದನ್ನು ರಾಜವೃಕ್ಷವೆಂದು ಘೋಷಿಸಿದ್ದ. ಮುಂದೆ ಒಡೆಯರ ಕಾಲದಲ್ಲೂ ಆ ಹಕ್ಕು ಹಾಗೇ ಉಳಿಯಿತು. ಸರ್ಕಾರ ಕೊರಡುಗಳನ್ನು ಹರಾಜು ಹಾಕುತ್ತಿತ್ತು. ಬಹುಪಾಲು ಮರ ಯುರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗಿ, ಅಲ್ಲಿ ಎಣ್ಣೆಯಾಗುತ್ತಿತ್ತು. ಮರ ನಮ್ಮದು, ಹೆಸರು ಮತ್ತು ಲಾಭ ಅವರದು. 1914ರಲ್ಲಿ ಮಹಾಯುದ್ಧ ಶುರುವಾಯಿತು. ಕೊಳ್ಳುವವರಿಲ್ಲದೆ ಶ್ರೀಗಂಧ ಗೋದಾಮುಗಳಲ್ಲಿ ರಾಶಿ ಬಿತ್ತು.

ಆಗ ಗದ್ದುಗೆಯಲ್ಲಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನರು ಸರ್ ಎಂ. ವಿಶ್ವೇಶ್ವರಯ್ಯ. ಎಣ್ಣೆ ನಾವೇ ತೆಗೆದರೇನು ಎಂಬ ಯೋಚನೆ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು ಬಟ್ಟಿ ಇಳಿಸುವ ವಿಧಾನವನ್ನು ರೂಪಿಸಿಕೊಟ್ಟರು. 1916ರಲ್ಲಿ ಮೈಸೂರಿನಲ್ಲಿ ಎಣ್ಣೆ ಕಾರ್ಖಾನೆ ಬಂತು. ಸೋಪಿನ ಕಥೆ ಇದಾದ ಮೇಲಿನದು. ಮಹಾರಾಜರಿಗೆ ಯಾರೋ ಗಂಧದೆಣ್ಣೆಯಿಂದ ಮಾಡಿದ ಸೋಪುಗಳನ್ನು ಉಡುಗೊರೆಯಾಗಿ ಕೊಟ್ಟರಂತೆ. ಅರಮನೆಗೆ ಬಂದದ್ದು ಜನರಿಗೂ ಯಾಕೆ ಸಿಗಬಾರದು ಎಂದು ದೊರೆ ದಿವಾನರನ್ನು ಕೇಳಿದರಂತೆ. ಮುಂಬಯಿಯಿಂದ ತಜ್ಞರನ್ನು ಕರೆಸಿ ಅದೇ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಪ್ರಯೋಗಗಳು ನಡೆದವು. ಸೋಸಲೆ ಗರಳಪುರಿ ಶಾಸ್ತ್ರಿ ಎಂಬ ತರುಣ ರಸಾಯನ ವಿಜ್ಞಾನಿಯನ್ನು ಸೋಪಿನ ವಿದ್ಯೆ ಕಲಿತು ಬರಲು ಇಂಗ್ಲೆಂಡಿಗೆ ಕಳಿಸಲಾಯಿತು. ‘ಸೋಪ್ ಶಾಸ್ತ್ರಿ’ ಎಂದೇ ಹೆಸರಾದವರು ಇವರು. ಬೆಂಗಳೂರಿನಲ್ಲಿ ಸರ್ಕಾರಿ ಸೋಪು ಕಾರ್ಖಾನೆ ಶುರುವಾಯಿತು.

ಇಲ್ಲಿ ಸ್ವಲ್ಪ ನಿಲ್ಲೋಣ. ಶಾಸ್ತ್ರಿಗಳು ಬರೀ ಎಣ್ಣೆ ಬೆರೆಸುವ ಹದವನ್ನು ಗೊತ್ತು ಮಾಡಿ ಸುಮ್ಮನಾಗಲಿಲ್ಲ. ಸೋಪು ಎಂದರೆ ಆಯತಾಕಾರದ ಇಟ್ಟಿಗೆ ಎಂದಿದ್ದ ಕಾಲದಲ್ಲಿ ಅದನ್ನು ಅಂಡಾಕಾರ ಮಾಡಿದರು. ಒಡವೆ ಅಂಗಡಿಯವರು ಆಭರಣವನ್ನು ತೆಳು ಕಾಗದದಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ಕೊಡುವ ಹಾಗೆ ಸೋಪನ್ನು ಸುತ್ತಿ ಪೆಟ್ಟಿಗೆಯಲ್ಲಿಡಿಸಿದರು. ಗುರುತಾಗಿ ಶರಭವನ್ನು ಆರಿಸಿಕೊಂಡರು: ಸಿಂಹದ ಮೈ, ಆನೆಯ ತಲೆ, ಅಂದರೆ ಧೈರ್ಯವೂ ವಿವೇಕವೂ ಒಂದರಲ್ಲೇ. ಪೆಟ್ಟಿಗೆಯ ಮೇಲೆ ‘ಶ್ರೀಗಂಧದ ತವರಿನಿಂದ’ ಎಂಬ ಮಾತು. ತವರು ಎಂದರೆ ನಮ್ಮ ಹೆಣ್ಣುಮಕ್ಕಳಿಗೆ ಎಂಥ ಪದ ಎಂದು ನಾನು ಹೇಳಬೇಕಾಗಿಲ್ಲ. ಕೊಟ್ಟ ಊರಿನಲ್ಲಿ ಕೂತು ತವರಿನ ಪರಿಮಳವನ್ನು ಕೊಳ್ಳಬಹುದಾದರೆ ಬೆಲೆ ಕೇಳುವವರಾರು? ಇಂದಿನ ಜಾಹೀರಾತು ಕಂಪನಿಯೊಂದು ಲಕ್ಷಗಟ್ಟಲೆ ಪಡೆದು ಮಾಡುವ ಕೆಲಸವನ್ನು ಒಬ್ಬ ಸರ್ಕಾರಿ ರಸಾಯನ ವಿಜ್ಞಾನಿ ಸಂಬಳದಲ್ಲೇ ಮಾಡಿ ಮುಗಿಸಿದ್ದ!

ಪ್ರಚಾರವೂ ಜೋರಾಗಿಯೇ ನಡೆಯಿತು. ಊರೂರಲ್ಲಿ ಫಲಕಗಳು, ಟ್ರಾಮ್ ಟಿಕೆಟ್ಟಿನ ಮೇಲೆ, ಬೆಂಕಿಪೊಟ್ಟಣದ ಮೇಲೆ ಸೋಪಿನ ಚಿತ್ರ. ಕರಾಚಿಯಲ್ಲಂತೂ ಈ ಸೋಪಿಗಾಗಿ ಒಂಟೆಗಳ ಮೆರವಣಿಗೆಯೇ ಹೊರಟಿತ್ತು. ಮೈಸೂರು ಮಲ್ಲಿಗೆಯ ನಾಡಿನ ಸೋಪು ಸಿಂಧ್‌ನಲ್ಲಿ ಒಂಟೆಯೇರಿ ಹೋಯಿತು!

ಅತ್ತ ವಿದೇಶಿ ಲಕ್ಸ್ ಬೇರೆ ದಾರಿ ಹಿಡಿದಿತ್ತು. ಅದಕ್ಕೆ ಬೇಕಾದದ್ದು ಮರವಲ್ಲ, ಮುಖ. 1941ರಲ್ಲಿ ಲಕ್ಸ್ ಜಾಹೀರಾತಿನಲ್ಲಿ ಕಾಣಿಸಿಕೊಂಡ ಮೊದಲ ಭಾರತೀಯ ತಾರೆ ಲೀಲಾ ಚಿಟ್ನಿಸ್. ಮುಂಬಯಿಯ ಶ್ರೋತೃಗಳಿಗೆ ಒಂದು ಸ್ವಾರಸ್ಯ: ಮರಾಠಿ ರಂಗಭೂಮಿ, ಹಿಂದಿ ಸಿನಿಮಾಗಳಲ್ಲಿ ಹೆಸರು ಮಾಡಿದ ಈಕೆ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ತಾರೆ ಬದಲಾದ ಹಾಗೆ ಲಕ್ಸ್‌ನ ಇಮೇಜನ್ನು ಮತ್ತೆ ಮತ್ತೆ ಹೊಸದು ಮಾಡಬೇಕು, ಅದಕ್ಕೆ ಹಣ ಸುರಿಯುತ್ತಲೇ ಇರಬೇಕು. ಮೈಸೂರು ಸ್ಯಾಂಡಲ್‌ಗೆ ದಶಕಗಳ ಕಾಲ ಆ ಖರ್ಚೇ ಬರಲಿಲ್ಲ. ಮೂಸಿ ನೋಡಿದರೆ ಸಾಕಿತ್ತು.

ಆದರೆ ಹೆಸರಿದ್ದ ಮಾತ್ರಕ್ಕೆ ಅಂಗಡಿ ನಡೆಯುವುದಿಲ್ಲ. ಕಾರ್ಖಾನೆ 1957ರಲ್ಲಿ ಯಶವಂತಪುರದ ಪಕ್ಕದ ರಾಜಾಜಿನಗರ ಕೈಗಾರಿಕಾ ಪ್ರದೇಶಕ್ಕೆ ಬಂತು, 1980ರಲ್ಲಿ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಲಿಮಿಟೆಡ್ ಎಂಬ ಕಂಪನಿಯಾಯಿತು. ಅದೇ ದಶಕದಲ್ಲಿ ಬೆಂಗಳೂರಿನದೇ ಆದ ವಿಪ್ರೋ ‘ಸಂತೂರ್’ ಸೋಪನ್ನು ತಂದಿತು. ಅದರಲ್ಲೂ ಚಂದನ, ಜೊತೆಗೆ ಅರಿಶಿನ. ಆದರೆ ಅವರು ಮಾರಿದ್ದು ವಯಸ್ಸೇ ಗೊತ್ತಾಗದ ತಾಯಿಯ ಚಿತ್ರವನ್ನು. ಓಡಿಬಂದ ಮಗು ‘ಮಮ್ಮೀ’ ಎಂದು ಕೂಗಿದಾಗ ಸುತ್ತಲಿನವರು ಬೆರಗಾಗುವ ಜಾಹೀರಾತನ್ನು ನೀವೆಲ್ಲ ನೋಡಿರುತ್ತೀರಿ. ಟಿ.ವಿ. ಯುಗದಲ್ಲಿ ಆ ಚಿತ್ರ ಗೆದ್ದಿತು. ಸರ್ಕಾರಿ ಸೋಪಿಗೆ ಗೌರವ ಉಳಿಯಿತು, ಗಿರಾಕಿ ಕಡಿಮೆಯಾದ. 1990ರ ದಶಕದ ಆರಂಭದಲ್ಲಿ ನಷ್ಟ ಎಷ್ಟಾಯಿತೆಂದರೆ, ರೋಗಗ್ರಸ್ತ ಉದ್ದಿಮೆಗಳ ಮಂಡಳಿಯ ಮುಂದೆ ಕಂಪನಿ ಹೋಗಿ ನಿಲ್ಲಬೇಕಾಯಿತು.

ಅಲ್ಲಿಂದ ಅದು ಎದ್ದು ಬಂದದ್ದೇ ಹೆಚ್ಚಿನ ಸಂಗತಿ. ಇದೇ ಗತಿ ಬಂದ ಎಷ್ಟೋ ಸರ್ಕಾರಿ ಕಾರ್ಖಾನೆಗಳು ಬಾಗಿಲು ಮುಚ್ಚಿದವು. ಇದು ಬದುಕಿದ್ದಕ್ಕೆ ಆಡಳಿತದ ಸುಧಾರಣೆ ಒಂದು ಕಾರಣವಿರಬಹುದು, ಆದರೆ ಅಂಡಾಕಾರದ ಆ ಸೋಪಿಗಾಗಿ ಕಾಯುತ್ತಿದ್ದ ಮನೆಗಳೇ ಮುಖ್ಯ ಕಾರಣ ಎಂದು ನನ್ನ ನಂಬಿಕೆ. ಈ ಶತಮಾನದ ಆರಂಭದಲ್ಲಿ ಕಂಪನಿ ಚೇತರಿಸಿಕೊಂಡಿತು. 2005-06ರಲ್ಲಿ ಸೋಪಿಗೆ ಭೌಗೋಳಿಕ ಗುರುತು ದೊರೆಯಿತು. 2006ರಲ್ಲಿ ಮಹೇಂದ್ರ ಸಿಂಗ್ ಧೋನಿ ಮೊದಲ ಪ್ರಚಾರ ರಾಯಭಾರಿಯಾದರು. 2012ರಲ್ಲಿ ‘ಮಿಲೇನಿಯಂ’ ಎಂಬ ಸೋಪು 720 ರೂಪಾಯಿಗೆ ಮಾರುಕಟ್ಟೆಗೆ ಬಂತು. 720 ರೂಪಾಯಿಯ ಸೋಪನ್ನು ಕರಗಿಸುವ ಧೈರ್ಯ ಯಾರಿಗಿದೆಯೋ ಕಾಣೆ, ಆದರೆ ಬೇರೆ ಸರ್ಕಾರಿ ಕಾರ್ಖಾನೆಗೆ ಅಂಥ ಬೆಲೆ ಹಾಕುವ ಎದೆಯಾದರೂ ಇದ್ದೀತೆ? 2023-24ರಲ್ಲಿ ಕಂಪನಿಯ ವಹಿವಾಟು 1,500 ಕೋಟಿ ರೂಪಾಯಿ ದಾಟಿತು.

2025ರ ಮೇ ತಿಂಗಳ ಗಲಾಟೆ ನಿಮಗೆ ನೆನಪಿರಬಹುದು. ಎರಡು ವರ್ಷಕ್ಕೆ 6.20 ಕೋಟಿ ರೂಪಾಯಿ ಕೊಟ್ಟು ನಟಿ ತಮನ್ನಾ ಭಾಟಿಯಾ ಅವರನ್ನು ರಾಯಭಾರಿ ಮಾಡಿದಾಗ, ಕನ್ನಡದ ನಟಿಯರಿಲ್ಲವೇ ಎಂದು ರಾಜ್ಯದಲ್ಲಿ ಕೂಗೆದ್ದಿತು. ಸೋಪು ಹೆಚ್ಚಾಗಿ ಮಾರಾಟವಾಗಬೇಕಿರುವುದು ರಾಜ್ಯದಾಚೆ ಎಂಬುದು ಸರ್ಕಾರದ ಉತ್ತರ. ಎರಡೂ ಮಾತಿನಲ್ಲಿ ಹುರುಳಿದೆ. ಆದರೆ ಈ ಸೋಪನ್ನು ಹೊರನಾಡಿಗೆ ಮೊದಲು ಹೊತ್ತೊಯ್ದ ರಾಯಭಾರಿಗಳು ಯಾರು? ರೈಲಿನಲ್ಲಿ ಟ್ರಂಕು ಹಿಡಿದು ಬಂದ ನಿಮ್ಮಂಥವರ ಅಜ್ಜಿ, ಅತ್ತೆ, ಚಿಕ್ಕಮ್ಮಂದಿರು. ಅವರಿಗೆ ಯಾರೂ ಸಂಭಾವನೆ ಕೊಟ್ಟಿರಲಿಲ್ಲ.

ಹೈದರಾಬಾದಿನ ಶ್ರೋತೃಗಳು ಇದನ್ನು ಗಮನವಿಟ್ಟು ಓದಬೇಕು. 2024ರ ಜನವರಿಯಲ್ಲಿ ನಿಮ್ಮ ನಗರದ ಮಲಕ್‌ಪೇಟೆಯಲ್ಲಿ ನಕಲಿ ಮೈಸೂರು ಸ್ಯಾಂಡಲ್ ಸೋಪಿನ ತಯಾರಿಕೆ ಪತ್ತೆಯಾಯಿತು. ಸಿಕ್ಕ ಮಾಲಿನ ಬೆಲೆ ಸುಮಾರು ಎರಡು ಕೋಟಿ ರೂಪಾಯಿ. ಅದೇ ಆಕಾರ, ಅದೇ ಪೆಟ್ಟಿಗೆ. ಬೆಲೆಯಿಲ್ಲದ ಹೆಸರನ್ನು ಯಾರೂ ಕದಿಯುವುದಿಲ್ಲ, ನಿಜ. ಆದರೆ ಒಮ್ಮೆ ನಕಲಿ ತಿಕ್ಕಿಕೊಂಡ ಗಿರಾಕಿ ಅದು ನಕಲಿ ಎನ್ನುವುದಿಲ್ಲ, ‘ಮೈಸೂರು ಸ್ಯಾಂಡಲ್ ಮೊದಲಿನ ಹಾಗಿಲ್ಲ’ ಎನ್ನುತ್ತಾನೆ. ಆದ್ದರಿಂದ ಅನುಮಾನ ಬಂದರೆ ಪೆಟ್ಟಿಗೆಯ ಮೇಲಿನ ತಾರೀಖು, ಬ್ಯಾಚ್ ನಂಬರು, ‘ಗ್ರೇಡ್ 1’ ಎಂಬ ಬರಹವನ್ನು ನೋಡಿ, ಬಿಲ್ ಕೇಳಿ ಪಡೆಯಿರಿ. ಗ್ರೇಡ್ 1 ಎಂದರೆ ಸೋಪಿನಲ್ಲಿ ಕೊಬ್ಬಿನ ಅಂಶ ಶೇ. 76ಕ್ಕೆ ಕಡಿಮೆ ಇರಬಾರದು.

ಇದಕ್ಕಿಂತ ದೊಡ್ಡ ಚಿಂತೆ ಮರದ್ದು. ಕಳ್ಳಸಾಗಣೆಯಿಂದ ನಮ್ಮ ಕಾಡುಗಳಲ್ಲಿ ಶ್ರೀಗಂಧ ಬರಿದಾಗುತ್ತ ಬಂತು. 2001ರಲ್ಲಿ ಕಾನೂನು ತಿದ್ದಿ, ಹೊಲದಲ್ಲಿ ಬೆಳೆದ ಗಂಧದ ಮರ ಹೊಲದವನಿಗೇ ಎಂದು ಕರ್ನಾಟಕ ಸರ್ಕಾರ ಒಪ್ಪಿತು. ಕಂಪನಿಯೂ ರೈತರಿಗೆ ಸಸಿ ಕೊಟ್ಟು, ಬೆಳೆದ ಮರವನ್ನು ತಾನೇ ಕೊಳ್ಳುವ ಯೋಜನೆ ತಂದಿತು. ಶ್ರೀಗಂಧ ಪಕ್ಕದ ಗಿಡದ ಬೇರಿನಿಂದ ಸಾರ ಹೀರಿ ಬೆಳೆಯುವ ಮರ. ಎಣ್ಣೆ ಕೊಡುವ ಚೇಗು ಬಲಿಯಲು ಹದಿನೈದು ವರ್ಷವಾದರೂ ಬೇಕು. ಕಾನೂನು ತಿದ್ದಿದ ವರ್ಷವೇ ನೆಟ್ಟ ಸಸಿಗಳು ಉಳಿದುಕೊಂಡಿದ್ದರೆ, ಅವುಗಳ ಎಣ್ಣೆ ಈಗಾಗಲೇ ನಿಮ್ಮ ಬಚ್ಚಲುಮನೆಯ ಗೂಡಿಗೆ ಬಂದಿರಲೂ ಸಾಕು.