ಮಾಪಕಕ್ಕೆ ಸಿಗದ ಮಿರಗ

ಜೂನ್ 7 ಇಲ್ಲವೇ 8ಕ್ಕೆ ಸೂರ್ಯ ಮೃಗಶಿರಾ ನಕ್ಷತ್ರಕ್ಕೆ ಕಾಲಿಡುತ್ತಾನೆ. ಬೆಳಗಾವಿ ಜಿಲ್ಲೆಯ ಖಾನಾಪುರದ ರೈತರ ಬಾಯಲ್ಲಿ ಅದು ಮಿರಗ. ಕನ್ನಡದವರಿಗೂ ಮಿರಗವೇ, ಮರಾಠಿಯವರಿಗೂ ಮಿರಗವೇ. ಗಡಿ ತಂಟೆ ಈ ಮಳೆಗೆ ತಟ್ಟಿಲ್ಲ. ಮಖಮಲ್ಲಿನಂಥ ಕೆಂಪು ಹುಳ ನೆಲದ ಮೇಲೆ ಕಂಡರೆ ಮಣ್ಣು ಹಸಿಯಾಯಿತೆಂದೇ ಲೆಕ್ಕ. ಕೂರಿಗೆ ಭತ್ತ ಅಷ್ಟರೊಳಗೆ ಒಣ ಮಣ್ಣಿನಲ್ಲಿ ಬಿದ್ದಿರಬೇಕು. ಹೆಂಚು, ಮಡಕೆ ಮಾಡುವವರಿಗೆ ಇದೇ ಮಳೆ ಬೇರೆ ಸುದ್ದಿ ತರುತ್ತದೆ: ಹಸಿ ಮಣ್ಣು ಒಣಗಿಸುವ ಬಿಸಿಲು ಇನ್ನಿಲ್ಲ.

ಸರಕಾರದ ಲೆಕ್ಕ ಅಳತೆಯದು. 1884ರ ಬೆಳಗಾವಿ ಗ್ಯಾಝೆಟಿಯರಿನಲ್ಲಿ ಮಳೆಯ ಅಂಕಿಗಳಿವೆ; ಅಂಕಿಗೆ ಕೆಂಪು ಹುಳ ಸಿಗುವುದಿಲ್ಲ. ದೇಶದ ತುಂಬ ನೆಲೆಯೂರಿದ ಮಾಪಕಕ್ಕೆ ಸೈಮನ್ಸ್ ಎಂದು ಹೆಸರು, 127 ಮಿ.ಮೀ. ಅಗಲದ ಬಾಯಿ, ಬೆಳಿಗ್ಗೆ 8.30ಕ್ಕೆ ಅಳತೆ. ಈ ಜಾರ್ಜ್ ಸೈಮನ್ಸ್ 1860ರಲ್ಲಿ ಬ್ರಿಟನ್ನಿನ ಪಾದ್ರಿ, ವೈದ್ಯರನ್ನೆಲ್ಲ ಸಂಬಳವಿಲ್ಲದೆ ಮಳೆ ಅಳೆಯಲು ಹಚ್ಚಿದವನು. 1875ರಲ್ಲಿ ಅಲ್ಲಿನ ಹವಾಮಾನ ಸಂಘ ಹೂ ಅರಳುವ, ಹಕ್ಕಿ ಬರುವ ದಿನಗಳನ್ನೂ ಸ್ವಯಂಸೇವಕರಿಂದ ಬರೆಸತೊಡಗಿತು. ಭಾರತದ ಹವಾಮಾನ ಇಲಾಖೆ ಹುಟ್ಟಿದ್ದೂ ಅದೇ ವರ್ಷ. ಇಲ್ಲಿಗೆ ಸೈಮನ್ಸನ ಡಬ್ಬಿ ಬಂತು, ಅವನ ಸ್ವಯಂಸೇವಕ ಬರಲಿಲ್ಲ. ಮಳೆ ಅಳೆಯುವುದು ಕಚೇರಿಯ ಗುಮಾಸ್ತನ ಕೆಲಸವಾಯಿತು.

ಡಬ್ಬಿಯ ಲೆಕ್ಕವೇನು ಕಡಿಮೆಯದಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ಧಾರೆ ಕಡಿಯದ ಮಳೆ. ಅದೇ ಖಾನಾಪುರ ತಾಲೂಕಿನ ಆಮಗಾಂವದಲ್ಲಿ 2010ರಲ್ಲಿ 10,000 ಮಿ.ಮೀ. ದಾಟಿತು. ಬೆಳಗಾವಿ ನಗರಕ್ಕೆ ಬರುವಷ್ಟರಲ್ಲಿ ಅದು ಎಷ್ಟೋ ಪಾಲು ಇಳಿಯುತ್ತದೆ, ಅದೇ ಜಿಲ್ಲೆಯ ಅಥಣಿಯಲ್ಲಿ ವರ್ಷಕ್ಕೆ 600 ಮಿ.ಮೀ. ಬಿದ್ದರೆ ಪುಣ್ಯ. ಅದೇ ಮಲಪ್ರಭೆಯ ಮೇಲಿನ, ಸವದತ್ತಿಯ ನವಿಲುತೀರ್ಥ ಅಣೆಕಟ್ಟಿನ ನೀರು ನೆಚ್ಚಿದವರು ತಮ್ಮೂರ ಮೋಡ ನೋಡುವುದಿಲ್ಲ, ಕಣಕುಂಬಿಯ ಮಳೆ ಕೇಳುತ್ತಾರೆ. ಕರ್ನಾಟಕದಲ್ಲಿ 1988ರಲ್ಲಿ ಬರ ನಿಗಾ ಕೋಶವಾಗಿ ಆರಂಭವಾದ ಸಂಸ್ಥೆ ಈಗ ಗ್ರಾಮ ಪಂಚಾಯಿತಿಗಳಲ್ಲೇ ಸ್ವಯಂಚಾಲಿತ ಮಾಪಕ ನಿಲ್ಲಿಸಿದೆ. ಗುಮಾಸ್ತನೂ ಬೇಕಿಲ್ಲ.

ಆದರೆ ಬೆಳಗಾವಿಯ ಶಹಾಪುರ, ವಡಗಾವಿಯ ಬಾಸುಮತಿ ಗದ್ದೆಯಲ್ಲಿ ತೆನೆ ಎಂದು ಹೊರಟಿತೆಂದು ಯಂತ್ರ ಹೇಳುವುದಿಲ್ಲ. ದೇಶದಲ್ಲಿ ‘ಸೀಸನ್‌ವಾಚ್’ ಎಂಬ ಯೋಜನೆ ಸುಮಾರು ಹದಿನೈದು ವರ್ಷಗಳಿಂದ ಈ ಕೊರತೆ ತುಂಬುತ್ತಿದೆ: ಮಾವು, ಹಲಸು, ಕಕ್ಕೆ, ಯಾವುದಾದರೂ ಒಂದು ಮರ ಆರಿಸಿಕೊಂಡು ವಾರಕ್ಕೊಮ್ಮೆ ಅದರ ಚಿಗುರು, ಹೂ, ಕಾಯಿ ದಾಖಲಿಸುವುದು. ಶಾಲಾ ಮಕ್ಕಳೂ ಮಾಡಬಲ್ಲ ಕೆಲಸ.

ಹಾಲಿನ ಲೆಕ್ಕ, ಸಿಲಿಂಡರ್ ಹಚ್ಚಿದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುವವರು ಕೆಂಪು ಹುಳ ಕಂಡ ದಿನವನ್ನೂ ಪಕ್ಕದಲ್ಲಿ ಬರೆಯಲಿ. ಮತ್ತು ವರ್ಷ ಮುಗಿದ ಮೇಲೆ ಆ ಹಾಳೆಯನ್ನು ಮಕ್ಕಳ ಪುಸ್ತಕಕ್ಕೆ ಹೊದಿಕೆ ಹಾಕದಿರಲಿ.